ಹತ್ತು ಸಾವಿರ ಮಂದಿಯ ಎಳ್ಳಮಾಸಿ

ನಮ್ಮ ಊರಿನಲ್ಲಿ ಶಾಂತಕುಮಾರ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಬ್ಲಾಗ್ ಶಾಂತ್ಯಾ’ ಅನ್ನಬೇಕು. ಹಾಗಂದರೆ ಹಿಟ್ಟಿನ ಗಿರಣಿಯವನಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರೂ ಒಂದೇ ಥರ ನಗುತ್ತಾರೆ. ಆ ನಗುವನ್ನು ಅವನು ಅಭಿಮಾನ ಅಂದುಕೊಂಡಿದ್ದಾನೆ. ನಲವತ್ನಾಲ್ಕು ವರ್ಷದ ಗಂಡಸಿಗೆ, ಎರಡು ಮಕ್ಕಳ ತಂದೆಗೆ ಅಷ್ಟೂ ತಿಳಿಯದಿದ್ದರೆ ನಾನೇನು ಮಾಡಲಿ?

ಆದರೆ ನಾನು ಏನೂ ಮಾಡಿಲ್ಲ ಅಂತ ಕೈ ಝಾಡಿಸುವಂತಿಲ್ಲ. ಆ ಬ್ಲಾಗು ತೆರೆದುಕೊಟ್ಟವನೇ ನಾನು. ನನ್ನ ಹೆಸರು ದೇವಾನಂದ. ಜೇವರ್ಗಿ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬುತ್ತೇನೆ, ಮದುವೆಯ ಕಾರ್ಡು, ಸತ್ತವರ ಬ್ಯಾನರು ಮಾಡುತ್ತೇನೆ. ಶಾಂತಕುಮಾರನೂ ನಾನೂ ಅಂದೋಲಾ ರಸ್ತೆಯ ಒಂದೇ ಊರಿನವರು, ಒಂದೇ ಶಾಲೆಯವರು. ಅವನ ಮನೆ ಊರ ನಡುವೆ, ನಮ್ಮದು ಊರ ಹೊರಗಿನ ಕೇರಿಯಲ್ಲಿ. ನನ್ನ ಅವ್ವ ಮರೆಮ್ಮ ಮೂವತ್ತು ವರ್ಷ ಅವರ ಹನ್ನೆರಡು ಎಕರೆಯಲ್ಲಿ ಕಳೆ ತೆಗೆದಿದ್ದಾಳೆ, ತೊಗರಿ ಕೊಯ್ದಿದ್ದಾಳೆ. ಆ ಹೊಲ ನಡೆಸುವವಳು ಶಾಂತಕುಮಾರನ ಅವ್ವ ಗೌರಾಬಾಯಿ. ಅವನು ಜೇವರ್ಗಿಯ ಗೊಬ್ಬರದ ಅಂಗಡಿಯೊಂದರಲ್ಲಿ ಫ್ಯಾನಿನ ಕೆಳಗೆ ಕೆಲಸ ಮಾಡುತ್ತಾನೆ. ಅಂದರೆ ಒಕ್ಕಲುತನ ಮಾಡುವವಳು ಅವಳು, ಅದರ ಬಗ್ಗೆ ಬರೆಯುವವನು ಇವನು.

ಮೊದಮೊದಲು ಚೆನ್ನಾಗಿಯೇ ಬರೆಯುತ್ತಿದ್ದ. ಇದನ್ನು ಹೇಳಲು ನನಗೆ ಮನಸ್ಸಿಲ್ಲ, ಆದರೂ ಖರೇ ಹೇಳಬೇಕು. ಬ್ಲಾಗಿನ ಹೆಸರು ‘ಎರಿಹೊಲ’, ಅಂದರೆ ಕಪ್ಪು ಮಣ್ಣಿನ ಹೊಲ. ಭೀಮಾ ನದಿ ಇಳಿದ ಮೇಲೆ ಅಫಜಲಪುರದ ಕಡೆ ಮರಳಿನಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿಸುವವರ ಬಗ್ಗೆ ಒಂದು ಬರೆದಿದ್ದ. ನಾನು ಅದನ್ನು ಎರಡು ಸಲ ಓದಿದೆ. ಕುಸುಬಿಯ ಎಳೆ ಎಲೆಯ ಪಲ್ಯ ಯಾವ ವಾರದವರೆಗೆ ತಿನ್ನಬೇಕು, ಯಾವ ವಾರದಿಂದ ಅದಕ್ಕೆ ಮುಳ್ಳು ಬರುತ್ತದೆ ಅಂತ ತನ್ನ ಅವ್ವನನ್ನು ಕೇಳಿ ಬರೆದಿದ್ದ. ಓದುವವರು ಮೂವತ್ತೆರಡು ಮಂದಿ. ಅವರಲ್ಲಿ ಅಫಜಲಪುರದ ಧರ್ಮಣ್ಣ ಮಾಸ್ತರರು ಒಬ್ಬರು. ಪ್ರತಿ ಬರಹಕ್ಕೂ ಅರ್ಧ ಪುಟ ಉತ್ತರ ಬರೆದು ತಪ್ಪು ತಿದ್ದುತ್ತಿದ್ದರು. ಮೂವತ್ತೆರಡು ಮಂದಿ ಅಂದರೆ ಕಡಿಮೆ ಏನಲ್ಲ. ನಮ್ಮ ಶಾಲೆಯ ತರಗತಿಯಲ್ಲಿ ಅಷ್ಟೂ ಇರಲಿಲ್ಲ.

ಆಮೇಲೆ ಕಲಬುರ್ಗಿಯಲ್ಲಿ ಯಾವನೋ ಒಬ್ಬ ಒಂದು ದಿನದ ತರಬೇತಿ ಇಟ್ಟ. ಬ್ಲಾಗಿಗೆ ಓದುಗರನ್ನು ತರುವುದು ಹೇಗೆ, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸಾಪು ಬಳಸಿ ಬೆಳೆಯುವುದು ಹೇಗೆ ಎಂಬ ಪಾಠ. ಶಾಂತಕುಮಾರ ಹೋಗಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಬಂದ. ಎರಡು ದಿನ ಆ ಚೀಟಿ ತೆಗೆಯಲಿಲ್ಲ. ನನ್ನ ಸೆಂಟರಿಗೆ ಬಂದು ಕುರ್ಚಿ ಎಳೆದುಕೊಂಡು ಕೂತ.

“ಹತ್ತು ಸಾವಿರ ಫಾಲೋವರ್ ಇಲ್ಲದವ ಗಾಳಿಗಿ ಮಾತಾಡಿದಂಗಂತ ದೇವ್ಯಾ. ಹತ್ತು ಸಾವಿರ ಆದ್ರ ಅವ್ರಾ ಕಲಬುರ್ಗಿಗಿ ಕರ್ಸಿ ಸ್ಟೇಜಿನ ಮ್ಯಾಲ ಕೂಡಸ್ತಾರ.”

“ಕೂತ ಏನ್ ಮಾಡ್ತೀಲೇ?”

“ಬ್ಯಾರೇದವ್ರಿಗಿ ಹತ್ತು ಸಾವಿರ ಮಾಡೂದ ಹ್ಯಾಂಗ ಅಂತ ಹೇಳ್ತೇನಿ.”

ಅವತ್ತೇ ನಾನು ಎದ್ದು ಹೊರಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ಪೇಜು ಮಾಡಿಕೊಟ್ಟೆ, ಅವನ ಮುಖ ದೊಡ್ಡದಾಗಿ ಕಾಣುವ ಬ್ಯಾನರು ಮಾಡಿಕೊಟ್ಟೆ. ಹೊತ್ತು ಹೋಗದವನಿಗೆ ಇನ್ನೊಬ್ಬನ ಹುಚ್ಚು ನೋಡುವುದು ಒಂದು ಚಟ. ನನಗೆ ಆ ಚಟ ಇತ್ತು.

ಮೊದಲು ಅವನ ಭಾಷೆ ಹೋಯಿತು. ಹುಟ್ಟಿದಾಗಿನಿಂದ ‘ಏನ್ ಮಾಡಾಕತ್ತೀರಿ’ ಅನ್ನುವ ಬಾಯಿ ಫೋನಿನ ಮುಂದೆ ‘ಹಾಯ್ ಫ್ರೆಂಡ್ಸ್, ಎಲ್ರೂ ಹೇಗಿದ್ದೀರಾ’ ಅನ್ನತೊಡಗಿತು. ಕುಸುಬಿ ಪಲ್ಯದ ಬರಹ ‘ಈ ಒಂದು ಸೊಪ್ಪು ತಿಂದರೆ ನಿಮ್ಮ ದೇಹದಲ್ಲಿ ಏನಾಗುತ್ತೆ ಗೊತ್ತಾ? ಕೊನೆಯವರೆಗೂ ಓದಿ’ ಎಂದಾಯಿತು. ಆರು ತಿಂಗಳಾದ ಮೇಲೆ ಹಳ್ಳಿಯ ಭಾಷೆಗೇ ಬೇಡಿಕೆ ಜಾಸ್ತಿ ಅಂತ ಯಾರೋ ಹೇಳಿದರು. ಮರುದಿನವೇ ತಲೆಗೆ ರುಮಾಲು ಸುತ್ತಿಕೊಂಡು, ನಮ್ಮೂರ ಮುದುಕರೂ ಆಡದಂಥ ಭಾಷೆಯನ್ನು ಎಳೆದೆಳೆದು ಆಡತೊಡಗಿದ. ಆ ರುಮಾಲನ್ನು ಬೈಕಿನ ಡಬ್ಬಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ವಿಡಿಯೋ ಮಾಡುವಾಗ ತಲೆಗೆ, ಮುಗಿದ ಮೇಲೆ ಡಬ್ಬಿಗೆ. ಮೂರು ತಾಲೂಕಿನ ಒಂದು ವಾಟ್ಸಾಪ್ ಗುಂಪನ್ನೂ ಅವನು ಬಿಡಲಿಲ್ಲ. ಖಜೂರಿಯ ಲಾರಿ ಡ್ರೈವರುಗಳ ಗುಂಪು, ಹವಳಗಾದ ಕಬ್ಬಿನ ಗಾಡಿಯವರ ಗುಂಪು, ಆಳಂದದ ಹಳೇ ವಿದ್ಯಾರ್ಥಿಗಳ ಗುಂಪು. ಎಲ್ಲಾದರೂ ಯಾರಾದರೂ ಸತ್ತ ಸುದ್ದಿ ಬಂದರೆ ‘ಭಾವಪೂರ್ಣ ಶ್ರದ್ಧಾಂಜಲಿ, ಓಂ ಶಾಂತಿ’ ಎಂದು ಬರೆದು ಕೆಳಗೆ ತನ್ನ ಬ್ಲಾಗಿನ ಲಿಂಕು ಹಾಕುತ್ತಿದ್ದ. ಹೆಣದ ಮುಂದೆ ಅಂಗಡಿ ಹಚ್ಚಿದವನನ್ನು ನಾನು ಅವನೊಬ್ಬನನ್ನೇ ನೋಡಿದ್ದು. ಧರ್ಮಣ್ಣ ಮಾಸ್ತರರು ಒಂದು ಸಾಲು ಬರೆದು ಬಿಟ್ಟುಹೋದರು: ‘ಇನ್ನು ತಿದ್ದಲು ನನ್ನಿಂದಾಗದು.’ ಶಾಂತಕುಮಾರ ಅದಕ್ಕೆ ಕೈಮುಗಿದ ಚಿತ್ರ ಒತ್ತಿ ಮುಂದೆ ಹೋದ.

ಇಷ್ಟೆಲ್ಲ ಆದರೂ ಫಾಲೋವರ್‌ಗಳ ಲೆಕ್ಕ ಒಂಬತ್ತು ಸಾವಿರದ ನೂರರ ಹತ್ತಿರ ಬಂದು ನಿಂತುಬಿಟ್ಟಿತು. ಏನು ಮಾಡಿದರೂ ಏರಲಿಲ್ಲ. ಊಟಕ್ಕೆ ಕೂತಾಗಲೂ ತಾಟಿನ ಪಕ್ಕ ಫೋನಿಟ್ಟುಕೊಂಡು ಅದನ್ನೇ ನೋಡುತ್ತಿದ್ದನಂತೆ. ಅವನ ಹೆಂಡತಿ ಶಿವಗಂಗಾ ಒಮ್ಮೆ ನನ್ನ ಹೆಂಡತಿ ಪಂಚಶೀಲಾಳ ಹತ್ತಿರ ಹೇಳಿಕೊಂಡಿದ್ದಳು. ಅಷ್ಟರಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು.

ಎಳ್ಳಮಾಸಿಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿರುವುದಿಲ್ಲ. ಸಜ್ಜೆ ರೊಟ್ಟಿ, ಕಡುಬು, ಹತ್ತಾರು ಕಾಯಿಪಲ್ಯ ಸೇರಿಸಿ ಕುದಿಸಿದ ಭಜ್ಜಿ, ಅಂಬಲಿ, ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿಗೆ ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಬೆಳೆಯ ಸುತ್ತ ಚರಗ ಚೆಲ್ಲಿ, ಆಮೇಲೆ ಕರೆದವರನ್ನೆಲ್ಲ ಕೂಡಿಸಿ ಉಣಿಸುತ್ತಾರೆ. ಗೌರಾಬಾಯಿಯ ಊಟ ನಾಲ್ಕು ಊರಿಗೆ ಹೆಸರು. ಅವಳದೊಂದು ಪಟ್ಟು ಇತ್ತು. ಅವತ್ತಿನ ಅಡುಗೆ ಹೊತ್ತು ಮುಳುಗುವುದರೊಳಗೆ ಹೊಲದಲ್ಲೇ ಮುಗಿಯಬೇಕು, ಒಂದು ರೊಟ್ಟಿಯೂ ಮನೆಗೆ ಮರಳಬಾರದು, ಎಲ್ಲರೂ ಉಣ್ಣುವವರೆಗೆ ತಾನು ಬಾಯಿಗೆ ಹನಿ ನೀರೂ ಹಾಕಬಾರದು. ಸೊಸೆಯಾಗಿ ಬಂದು ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಮರಳಿರಲಿಲ್ಲ. ಅವಳ ಇಜ್ಜತ್ತೆಲ್ಲ ಆ ಖಾಲಿ ಪಾತ್ರೆಗಳಲ್ಲಿತ್ತು.

ಆ ಪಾತ್ರೆ ಖಾಲಿ ಮಾಡುವವರಲ್ಲಿ ನಮ್ಮ ಕೇರಿಯವರೇ ಹೆಚ್ಚು. ಹಿಂದಿನ ದಿನ ಸಂಜೆ ಗೌರಾಬಾಯಿ ಕೇರಿಯ ಬಾಯಿಗೆ ಬಂದು ನಿಂತು ನನ್ನ ಅವ್ವನ ಹೆಸರು ಹಿಡಿದು ಕೂಗುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಹೊಲದಲ್ಲಿ ನಮ್ಮವರನ್ನು ಬದುವಿನ ಆಚೆ ಬೇರೆ ಸಾಲಿನಲ್ಲಿ ಕೂಡಿಸಿ, ಮೇಲಿನಿಂದ ಹಾಕುತ್ತಿದ್ದರು. ಊಟ ಒಳ್ಳೆಯದಿತ್ತು, ಕೂಡಿಸುವ ಜಾಗ ಒಳ್ಳೆಯದಿರಲಿಲ್ಲ. ನಾವು ಬೌದ್ಧರಾಗಿ ವರ್ಷಗಳಾದ ಮೇಲೂ ಅವ್ವ ಹೋಗುವುದು ಬಿಡಲಿಲ್ಲ. ನಾನು ಜಗಳಾಡಿದೆ. ಅವಳು ಹೇಳಿದ್ದಿಷ್ಟು: “ನಾ ಕಳಿ ತಗದ ಹೊಲ ಅದು. ಆ ಮಂದಿ ಹಾಕ್ತಾರಂತ ಉಣ್ಣಂಗಿಲ್ಲ ನಾ, ಹೊಲ ಕೊಡ್ತದಂತ ಉಣ್ತೇನಿ.”

ಈ ಸಲ ಶಾಂತಕುಮಾರನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಎಳ್ಳಮಾಸಿಗೆ ವಾರ ಇರುವಾಗ ಪೇಜಿನ ಮೇಲೆ ಹಾಕಿದ: ‘ನನ್ನ ಎಲ್ಲ ಓದುಗ ಬಂಧುಗಳಿಗೆ ನಮ್ಮ ಹೊಲದಲ್ಲಿ ಎಳ್ಳಮಾಸಿ ಊಟ. ಯಾರು ಯಾರು ಬರ್ತೀರಿ ಕಮೆಂಟ್ ಮಾಡ್ರಿ, ಐದು ಮಂದಿಗೆ ಶೇರ್ ಮಾಡ್ರಿ.’ ಅದರ ಪೋಸ್ಟರು ಮಾಡಿದವನೂ ನಾನೇ. ಮೂರು ದಿನದಲ್ಲಿ ಸಾವಿರದ ನೂರು ಉತ್ತರ ಬಂದವು. ‘ಬರ್ತೀವಿ ಅಣ್ಣಾ.’ ‘ಖಂಡಿತ ಬರ್ತೀವ್ರಿ ಸರ್.’ ‘ಖಜೂರಿಯಿಂದ ಲಾರಿ ಮಾಡ್ಕೊಂಡ ಬರ್ತೀವಿ.’ ‘ಹವಳಗಾ ಟೀಮ್ ರೆಡಿ.’ ಲೆಕ್ಕ ಒಂಬತ್ತು ಸಾವಿರದ ಆರುನೂರಕ್ಕೆ ಏರಿತು.

ನಮ್ಮ ಕಡೆ ಊಟಕ್ಕೆ ಕರೆದರೆ ಯಾರೂ ಒಲ್ಲೆ ಅನ್ನುವುದಿಲ್ಲ. ಅನ್ನಕ್ಕೆ ಒಲ್ಲೆ ಅನ್ನಬಾರದು. ‘ಹೂಂನ್ರಿ, ಬರ್ತೀವಿ’ ಅನ್ನುವುದು ನಮಸ್ಕಾರಕ್ಕೆ ನಮಸ್ಕಾರ ಇದ್ದಂತೆ. ಯಾರಾದರೂ ನಿಜಕ್ಕೂ ಬರಬೇಕೆಂದರೆ ಹಿಂದಿನ ದಿನ ಅವರ ಬಾಗಿಲಿಗೆ ಹೋಗಿ ಹೇಳಬೇಕು, ಉಣ್ಣುವ ಹೊತ್ತಿಗೆ ಮತ್ತೊಮ್ಮೆ ಹೋಗಿ ಕರೆದುಕೊಂಡು ಬರಬೇಕು. ಎರಡು ಸಲ ಕಾಲು ಸವೆಸದೆ ಯಾರ ಮನೆಯಲ್ಲೂ ಎಲೆ ತುಂಬುವುದಿಲ್ಲ. ಇದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮೇಲಾಗಿ ಅವತ್ತು ಹೊಲ ಇದ್ದವರೆಲ್ಲ ತಮ್ಮ ತಮ್ಮ ಹೊಲದಲ್ಲಿರುತ್ತಾರೆ. ನಾನು ಒಂದು ಮಾತು ಹೇಳಿದೆ.

“ಅವತ್ತ ಅವ್ರವ್ರ ಹೊಲ ಬಿಟ್ಟ ನಿನ್ನ ಹೊಲಕ್ಕ ಯಾರ್ ಬರ್ತಾರಲೇ?”

“ನಿನಗ ಆನ್‌ಲೈನ್ ಮಂದಿ ಗೊತ್ತಿಲ್ಲ ದೇವ್ಯಾ. ಅವ್ರ ಬ್ಯಾರೇನಾ ಇರ್ತಾರ.”

ಬೇರೆ ಏನು ಮಣ್ಣು! ಅದೇ ಖಜೂರಿ, ಅದೇ ಹವಳಗಾ, ಅದೇ ನಾವು. ಆದರೆ ನಾನು ಎರಡನೇ ಮಾತು ಹೇಳಲಿಲ್ಲ. ಅವನು ಮುಗ್ಗರಿಸಿ ಬೀಳುವುದನ್ನು ನೋಡಬೇಕೆಂಬ ಆಸೆ ನನಗಿತ್ತು. ಬೀಳುವಾಗ ಯಾರನ್ನು ಹಿಡಿದುಕೊಂಡು ಬೀಳುತ್ತಾನೆ ಎಂಬುದನ್ನು ನಾನು ಯೋಚಿಸಲಿಲ್ಲ.

ಗೌರಾಬಾಯಿಗೆ ಫೋನಿನ ವ್ಯವಹಾರ ತಿಳಿಯುವುದಿಲ್ಲ. ಮಗನನ್ನು ಒಂದೇ ಕೇಳಿದಳಂತೆ: “ಊಟಕ್ಕ ಬರ್ತೀವಂತ ಅವ್ರಾ ಹೇಳ್ಯಾರೇನ್?” ಅವನು “ಬರದ ಕೊಟ್ಟಾರವ್ವ” ಅಂದ. ಬರೆದುಕೊಟ್ಟ ಮೇಲೆ ಅವಳಿಗೆ ಅನುಮಾನ ಉಳಿಯಲಿಲ್ಲ. ಸಾವಿರದಲ್ಲಿ ಮುನ್ನೂರಾದರೂ ಗ್ಯಾರಂಟಿ ಅಂದ. ಅತ್ತೆ ಸೊಸೆ ಇಬ್ಬರೂ ಮೂರು ದಿನ ಒಲೆ ಮುಂದೆ ಕೂತು ಸಜ್ಜೆ ರೊಟ್ಟಿ ಬಡಿದರು. ಶಿವಗಂಗಾಳ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು.

ಕೇರಿಯವರನ್ನು ಕರೆಯಲು ಹೊರಟ ಗೌರಾಬಾಯಿಯನ್ನು ಅವನೇ ತಡೆದ. “ಈ ಸಲ ಬ್ಯಾಡವ್ವ. ಆಳ ಮಂದಿ ಬಂದ ಕೂತ್ರ ವಿಡಿಯೋದಾಗ ಚೆಂದ ಕಾಣಂಗಿಲ್ಲ, ಬದುವಿನ ಆಚಿ ಬ್ಯಾರೆ ಕೂಡಿಸಿದ್ದ ಕಂಡ್ರ ಕಮೆಂಟಿನಾಗ ಬೈತಾರ. ಮರುದಿನ ಉಳದದ್ದ ಕೊಟ್ಟ ಕಳಸಿದ್ರಾತು.” ಬೇರೆ ಕೂಡಿಸುವುದು ತಪ್ಪು ಅಂತ ಅವನಿಗೆ ಹೊಳೆದದ್ದು ಹಾಗೆ. ಹೊಳೆದ ಮೇಲೆ ಅವನು ಹುಡುಕಿದ ಪರಿಹಾರ, ಕರೆಯುವುದನ್ನೇ ಬಿಡುವುದು. ಈ ಮಾತನ್ನು ಅವನು ನನ್ನ ಸೆಂಟರಿನಲ್ಲಿ, ನನ್ನ ಕುರ್ಚಿಯ ಮೇಲೆ ಕೂತು, ಏನೋ ದೊಡ್ಡ ಉಪಾಯ ಹೇಳಿದವನಂತೆ ನನಗೇ ಹೇಳಿದ. ನಾನು ಯಾರ ಮಗ ಎಂಬುದು ಅವನಿಗೆ ಆ ಹೊತ್ತಿನಲ್ಲಿ ನೆನಪೇ ಇರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು.

ಹಿಂದಿನ ದಿನ ಸಂಜೆ ನನ್ನ ಅವ್ವ ಅಂಗಳದಲ್ಲಿ ಕೂತೇ ಇದ್ದಳು. ಕೂಗು ಬರಲಿಲ್ಲ. ಕತ್ತಲಾಗುವ ಮುಂಚೆ ಎದ್ದು, ಹಿತ್ತಲಿಗೆ ಹೋಗಿ ಅವರೆಕಾಯಿ, ಹಸಿ ತೊಗರಿ, ಬದನೆಕಾಯಿ ಹರಿದುಕೊಂಡು ಬಂದಳು. “ನಾಳಿ ನಮ್ಮ ಭಜ್ಜಿ ನಾವಾ ಮಾಡೂಣು ಬೇ ಪಂಚಶೀಲಾ” ಅಂದಳು.

ಎಳ್ಳಮಾಸಿಯ ದಿನ ವಿಡಿಯೋ ಹಿಡಿಯಲು ಶಾಂತಕುಮಾರ ನನ್ನನ್ನು ಕರೆದಿದ್ದ. ಹೋಗಬಾರದಿತ್ತು, ಹೋದೆ. ಜೋಳದ ಬೆಳೆಯ ಪಕ್ಕ ಶಾಮಿಯಾನ ಹೊಡೆಸಿದ್ದ. ಪೂಜೆ ಆಗಿ ಚರಗ ಚೆಲ್ಲುವಾಗ ಗೌರಾಬಾಯಿಗೆ ಮೂರು ಸಲ ಮತ್ತೆ ಮತ್ತೆ ಚೆಲ್ಲಿಸಿದ, ಬೆಳಕು ಸರಿಯಿಲ್ಲ ಅಂತ. ಭೂಮಿತಾಯಿಗೂ ರೀಟೇಕು. ಹನ್ನೆರಡು ಗಂಟೆಗೆ ಚಾಪೆ ಹಾಸಿದರು. ಒಂದು ಗಂಟೆಯಾಯಿತು. ದೂರದ ರಸ್ತೆಯಲ್ಲಿ ಯಾವ ಗಾಡಿ ಸದ್ದು ಮಾಡಿದರೂ ಗೌರಾಬಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಗಾಡಿ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಎರಡು ಗಂಟೆಗೆ ಗೊಬ್ಬರದ ಅಂಗಡಿಯಿಂದ ನಾಲ್ಕು ಮಂದಿ ಬಂದು ಉಂಡು, ಫೋಟೋ ತೆಗೆಸಿಕೊಂಡು ಹೋದರು. ಮುನ್ನೂರು ಮಂದಿಯ ಊಟಕ್ಕೆ ಬಂದವರು ಆ ನಾಲ್ಕೇ ಮಂದಿ.

ಶಾಂತಕುಮಾರ ಲೈವ್ ಹೋದ. ರುಮಾಲು ಕಟ್ಟಿಕೊಂಡು, ಫೋನಿಗೆ ಪಾತ್ರೆಗಳನ್ನು ತೋರಿಸುತ್ತಾ, “ಬರ್ರಿ, ಬರ್ರಿ, ಎಲ್ಲಿದೀರಿ?” ಅಂತ ಕೂಗಿದ. ಅವರು ಎಲ್ಲಿದ್ದರೆಂದು ನನಗೆ ಕಾಣುತ್ತಿತ್ತು. ತಮ್ಮ ತಮ್ಮ ಹೊಲದಲ್ಲಿ ಉಂಡು, ಗಿಡದ ನೆರಳಿನಲ್ಲಿ ಅಡ್ಡಾಗಿ, ಇವನನ್ನು ನೋಡುತ್ತಾ ಹೃದಯದ ಚಿತ್ರ ಒತ್ತುತ್ತಿದ್ದರು. ‘ಸೂಪರ್ ಅಣ್ಣಾ.’ ‘ಭಜ್ಜಿ ನೋಡಿ ಬಾಯಾಗ ನೀರ ಬಂತು.’ ಇವನು ಎಷ್ಟು ಹೊತ್ತು ಒಬ್ಬನೇ ನಿಲ್ಲುತ್ತಾನೆ ನೋಡೋಣ ಅಂತ ನೋಡುವವರೂ ಸೇರಿಕೊಂಡರು. ಲೆಕ್ಕ ಏರತೊಡಗಿತು. ಅದನ್ನು ನೋಡಿ ಅವನ ಮುಖ ಅರಳಿತು! ಪಕ್ಕದಲ್ಲಿ ಗೌರಾಬಾಯಿ ತುಂಬಿದ ಬುಟ್ಟಿಗಳ ನಡುವೆ ಮುಖ ಬಾಡಿಸಿಕೊಂಡು ಕೂತಿದ್ದಳು.

ನಾಲ್ಕು ಗಂಟೆ ಹೊಡೆಯಿತು. ಗೌರಾಬಾಯಿ ಸೂರ್ಯನನ್ನು ನೋಡಿದಳು, ಪಾತ್ರೆಗಳನ್ನು ನೋಡಿದಳು, ಎದ್ದಳು. “ದೇವಾನಂದಾ, ನನ್ನ ಸಂಗಾಟ ಬಾ” ಅಂದಳು. ಮಗನಿಗೆ ಏನೂ ಹೇಳಲಿಲ್ಲ. ಅರ್ಧ ಹರದಾರಿ ದಾರಿ. ಬೆಳಗಿನಿಂದ ನೀರು ಮುಟ್ಟದ ಎಪ್ಪತ್ತರ ಹೆಂಗಸು ನನಗಿಂತ ಮುಂದೆ ಮುಂದೆ ನಡೆದಳು. ಕೇರಿಯ ಬಾಯಿಗೆ ಬಂದು ಎಂದಿನ ಜಾಗದಲ್ಲೇ ನಿಂತು ಕೂಗಿದಳು. ನನ್ನ ಅವ್ವ ಹೊರಗೆ ಬಂದಳು. ಹಿಂದೆ ಪಂಚಶೀಲಾ, ಪಕ್ಕದ ಮನೆಯ ಮಲ್ಕಮ್ಮ, ಇನ್ನೂ ಆರೇಳು ಹೆಂಗಸರು.

“ಎಲ್ಲಾರ್ನೂ ಕರ್ಕೊಂಡ ಹೊಲಕ್ಕ ಬಾ ಬೇ ಮರೆಮ್ಮ. ಊಟ ಹಂಗಾ ಅದ.”

“ನಾವು ಉಂಡೀವ್ರಿ ಗೌಡ್ತಿ. ನಿಮ್ಮ ಫೋನಿನ ಮಂದಿ ಬರೂದಿತ್ತಂತಲ್ರಿ?”

ಅವ್ವನ ಮಾತಿನಲ್ಲಿ ಕೊಂಕು ಇರಲಿಲ್ಲ. ನನ್ನ ಮನಸ್ಸಿನಲ್ಲಿ ಬೇಕಾದಷ್ಟಿತ್ತು.

“ಯಾರೂ ಬರಲಿಲ್ಲ. ನಿನ್ನಿ ಕರೀಲಿಲ್ಲ, ನಂದ ತಪ್ಪಾತು. ಹೊತ್ತ ಮುಳುಗೂದ್ರಾಗ ಆ ಅನ್ನ ಮರಳಿ ಮನಿಗಿ ಹೋದ್ರ ನಾ ಮಾರಿ ಹ್ಯಾಂಗ ತೋರಿಸ್ಲಿ ಬೇ? ಬರ್ರಿ. ಬದುವಿನ ಆಚಿ ಬ್ಯಾಡ, ಚಾಪಿ ಮ್ಯಾಲ ಕೂಡ್ರಿ.”

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳು: “ಹೊಟ್ಟಿ ತುಂಬ್ಯಾದ ಖರೆ, ನಿಮ್ಮ ಮಾತಿಗಿ ಬರ್ತೀವ್ರಿ. ಮೂವತ್ತ ವರ್ಷ ನಾ ನಿಮ್ಮಲ್ಲಿ ಉಂಡೇನಿ. ಇವತ್ತ ಮೊದಲ ನೀವ ನಮ್ಮನ್ಯಾಗ ಒಂದ ರೊಟ್ಟಿ ಉಣ್ರಿ. ಆಮ್ಯಾಲ ಕೇರಿಗಿ ಕೇರಿನಾ ನಿಮ್ಮ ಹೊಲಕ್ಕ ಬರ್ತದ.”

ನಲವತ್ತಾರು ವರ್ಷ ಗೌರಾಬಾಯಿ ನಿಂತ ಜಾಗ ಅದು. ಅದರಿಂದ ಒಂದು ಹೆಜ್ಜೆ ಈಚೆ ಅವಳು ಬಂದಿರಲಿಲ್ಲ. ಅವಳು ಬರುವುದಿಲ್ಲ ಅಂತಲೇ ನಾನು ತಿಳಿದಿದ್ದೆ, ಅದಕ್ಕೆ ಬೇಕಾದ ಮಾತನ್ನೂ ಬಾಯಲ್ಲಿ ಇಟ್ಟುಕೊಂಡಿದ್ದೆ. ಅವಳು ಚಪ್ಪಲಿ ಬಿಟ್ಟು, ನಮ್ಮ ಅಂಗಳ ದಾಟಿ, ನಮ್ಮ ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತಳು. ಅವ್ವ ಸ್ಟೀಲಿನ ತಾಟಿನಲ್ಲಿ ರೊಟ್ಟಿ, ಭಜ್ಜಿ ಹಾಕಿ ಮುಂದಿಟ್ಟಳು. ಗೌರಾಬಾಯಿ ತನ್ನ ಉಪವಾಸದ ಪಟ್ಟು ಬಿಟ್ಟು, ರೊಟ್ಟಿ ಮುರಿದು ಬಾಯಿಗಿಟ್ಟಳು. “ಅವರಿಕಾಯಿ ಎಲ್ಲೀದು?” ಅಂದಳು. “ಹಿತ್ತಲದ್ದರಿ” ಅಂದಳು ಅವ್ವ. “ಛಲೋ ಅದ” ಅಂತ ಇನ್ನೊಂದು ತುತ್ತು ಮುರಿದಳು. ಹೆಂಗಸರು ತಲೆ ಬಾಚಿಕೊಳ್ಳಲು, ಸೀರೆ ಸರಿಮಾಡಿಕೊಳ್ಳಲು ಮನೆಗಳಿಗೆ ಹೊರಟರು.

ಆಗ ಬೈಕು ಬಂತು. ಶಾಂತಕುಮಾರ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಅವನ ಕಣ್ಣು ದೊಡ್ಡದಾಯಿತು. ತನ್ನ ಅವ್ವನನ್ನು ಅಲ್ಲಿ ಕಂಡದ್ದಕ್ಕಲ್ಲ, ಕೈ ಆಗಲೇ ಫೋನು ಎತ್ತಿತ್ತು.

“ಅವ್ವಾ, ಹಂಗಾ ಇರು, ಹಂಗಾ ಇರು. ಆ ತುತ್ತ ಇನ್ನೊಮ್ಮಿ ಎತ್ತು. ಮರೆಮ್ಮಾ, ನೀ ಹಿಂದ ಕೈಮುಗದ ನಿಂದ್ರು.” ಆಮೇಲೆ ಧ್ವನಿ ಬದಲಿಸಿ ಫೋನಿಗೆ ಹೇಳಿದ: “ಫ್ರೆಂಡ್ಸ್, ಜಾತಿ ಎಲ್ಲಿದೆ? ನಿಮ್ಮ ಅಭಿಪ್ರಾಯ ಕಮೆಂಟ್ ಮಾಡಿ.”

ನನ್ನ ಅವ್ವ ಕೈಮುಗಿಯಲಿಲ್ಲ. ಗೌರಾಬಾಯಿ ಎತ್ತಿದ್ದ ತುತ್ತನ್ನು ತಾಟಿಗೆ ಇಳಿಸಿದಳು. ಹೊರಟ ಹೆಂಗಸರು ನಿಂತರು. ಪಂಚಶೀಲಾ ನೆಟ್ಟಗೆ ಹೇಳಿದಳು: “ಈತ ಹೊಲದಾಗೂ ಹಿಂಗಾ ಫೋನ್ ಹಿಡ್ಕೊಂಡ ನಿಂದ್ರತಾನ. ನಾವ್ ಉಣ್ಣೂದ ಲೋಕಕ್ಕ ತೋರಸ್ತಾನ. ನಾವ್ ಬರಂಗಿಲ್ಲ.” ಮಲ್ಕಮ್ಮ ಹೌದೆಂದು ತಲೆಯಾಡಿಸಿದಳು.

ಗೌರಾಬಾಯಿ ಮಗನ ಕಡೆ ನೋಡಿದಳು. “ಆ ಫೋನ ದೇವಾನಂದನ ಕೈಯಾಗ ಕೊಡು. ಒಂದ ತಾಸು. ಇವ್ರ ಉಣ್ಣೂತನ. ನಿನ್ನ ಕಾಲಿಗಿ ಬೀಳ್ತೇನಿ.”

ತಾಯಿ ಮಗನಿಗೆ ಆಡುವ ಮಾತಲ್ಲ ಅದು. ಕಲ್ಲೂ ಕೊಟ್ಟುಬಿಡುತ್ತಿತ್ತು. ಅವನು ಪರದೆ ನೋಡಿದ. ಒಂಬತ್ತು ಸಾವಿರದ ಒಂಬೈನೂರ ಇಪ್ಪತ್ತು, ಅದು ನನಗೂ ಕಂಡಿತು. “ಲೈವ್ ನಡದದವ್ವ” ಅಂದ. “ಈಗ ಬಂದ್ ಮಾಡಿದ್ರ ರೀಚ್ ಬೀಳ್ತದ, ನೋಡೂ ಮಂದಿ ಕಡಿಮಿ ಆಗ್ತಾರ. ಇನ್ನ ಸ್ವಲ್ಪಾ ತಡಿ.”

ಗೌರಾಬಾಯಿ ತಾಟಿನಲ್ಲೇ ಕೈ ತೊಳೆದಳು. ಇನ್ನೂ ಅರ್ಧ ರೊಟ್ಟಿ ಇತ್ತು. ತಾಟಿನಲ್ಲಿ ಕೈ ತೊಳೆದರೆ ಊಟ ಮುಗಿಯಿತೆಂದು ಅರ್ಥ, ಆಮೇಲೆ ಯಾರೂ ಒತ್ತಾಯ ಮಾಡುವುದಿಲ್ಲ. ಅವ್ವ ಅವಳ ಕೈಗೆ ಟವೆಲ್ಲು ಕೊಟ್ಟಳು. ಒಬ್ಬೊಬ್ಬರೇ ಹೆಂಗಸರು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊತ್ತು ಮುಳುಗುವಾಗ ಹೊಲಕ್ಕೆ ಮರಳಿ ಪಾತ್ರೆಗಳನ್ನೆಲ್ಲ ಟ್ರ್ಯಾಕ್ಟರಿಗೆ ಏರಿಸಿದೆವು. ಹೋಗುವಾಗ ಇದ್ದಷ್ಟೇ ಭಾರ. ಅದೇ ಹೊತ್ತಿಗೆ ಊರವರೆಲ್ಲ ತಮ್ಮ ಹೊಲಗಳಿಂದ ಖಾಲಿ ಬುಟ್ಟಿ ಹೊತ್ತು ಮರಳುತ್ತಿದ್ದರು; ದಾರಿ ಬಿಟ್ಟು ಬದಿಗೆ ಸರಿದು ನಿಂತು ಟ್ರೇಲರಿನೊಳಗೆ ಇಣುಕಿ ನೋಡಿದರು. ಯಾರೂ ಏನೂ ಕೇಳಲಿಲ್ಲ, ಕೇಳಿದ್ದರೇ ವಾಸಿಯಿತ್ತು. ಭಜ್ಜಿಯ ಹಂಡೆಗೆ ಒರಗಿ ಕೂತಿದ್ದ ಶಾಂತಕುಮಾರ ಊರ ಅಗಸಿ ಬಾಗಿಲು ಬರುವ ಹೊತ್ತಿಗೆ ಎದ್ದು ನಿಂತು, “ದೇವ್ಯಾ, ಹತ್ತು ಸಾವಿರ ಆತಲೇ!” ಅಂತ ಚೀರಿದ. ಗೌರಾಬಾಯಿ ಟ್ರ್ಯಾಕ್ಟರು ಹತ್ತಿರಲಿಲ್ಲ. ಸೆರಗನ್ನು ಮುಖದವರೆಗೆ ಎಳೆದುಕೊಂಡು, ಧೂಳಿನಲ್ಲಿ ಹಿಂದೆ ಹಿಂದೆ ನಡೆದು ಬರುತ್ತಿದ್ದಳು.

ಮರುದಿನ ಅಷ್ಟನ್ನೂ ದನಗಳಿಗೆ ಹಾಕಿದರು. ಅದನ್ನು ಹೇಳಿದವಳು ಶಿವಗಂಗಾ. ನಮ್ಮ ಮನೆಯಲ್ಲಿ ಉಂಡ ಆ ಅರ್ಧ ರೊಟ್ಟಿ ಬಿಟ್ಟರೆ ಅತ್ತೆ ಅವತ್ತು ಏನೂ ಉಣ್ಣಲಿಲ್ಲವೆಂದೂ ಅವಳೇ ಹೇಳಿದಳು.